ವಾಕ್ಕು ಕಂಬ ಆಡಿದ್ದು ಯಾವ ಭಾಷೆ

ಓಮಲೂರು ದಾಟಿ ಧರ್ಮಪುರಿ ಕಡೆಗೆ ಹೋಗುವ ಹೈವೇ ಪಕ್ಕದ ಒಂದು ಕಾಲೇಜಿನಲ್ಲಿ, ಕ್ಯಾಂಟೀನಿಗೂ ಫಿಸಿಕ್ಸ್ ಬ್ಲಾಕಿಗೂ ನಡುವೆ, ಬೇವಿನ ಮರದ ಕೆಳಗೆ ಒಂಟಿ ಕಲ್ಲುಕಂಬವೊಂದು ನಿಂತಿದೆ. ಒಂದು ಕಾಲಕ್ಕೆ ಅಲ್ಲಿ ದಾರಿಹೋಕರ ಛತ್ರವಿತ್ತಂತೆ. ಛತ್ರ ಬಿತ್ತು, ದಾರಿಹೋಕರು ಬಸ್ಸು ಹತ್ತಿದರು, ಕಂಬ ಮಾತ್ರ ಹೋಗಲು ಜಾಗವಿಲ್ಲದೆ ಅಲ್ಲೇ ಉಳಿಯಿತು. ಉಳಿದದ್ದು ಸುಮ್ಮನಿರಬೇಕೋ ಬೇಡವೋ? ಹುಡುಗ ಹುಡುಗಿಯರ ಮದುವೆ ವಿಚಾರಕ್ಕೆ ಬಾಯಿ ಹಾಕತೊಡಗಿತು.

ಅಲ್ಲಿನ ಮಕ್ಕಳು ತಮಿಳಿನಲ್ಲಿ ಅದನ್ನು ವಾಕ್ಕು ತೂಣ್ ಅನ್ನುತ್ತಾರೆ. ವಾಕ್ಕು ಅಂದರೆ ದೇವರು ಮೈಮೇಲೆ ಬಂದಾಗ ಹೊರಡುವ ಮಾತು, ತೂಣ್ ಅಂದರೆ ಕಂಬ. ನಾವು ವಾಕ್ಕು ಕಂಬ ಅಂದುಕೊಳ್ಳೋಣ. ಅದರ ಶಾಸ್ತ್ರ ಸುಲಭ. ಮನಸ್ಸಿನಲ್ಲಿರುವವರ ಹೆಸರು ನೆನೆದುಕೊಂಡು, ಕಣ್ಣು ಮುಚ್ಚಿ, ಬಲಗಿವಿಯನ್ನು ಕಲ್ಲಿಗೆ ಆನಿಸಿ ನಿಲ್ಲಬೇಕು. ಆ ದಾರಿಯಲ್ಲಿ ಹಾದುಹೋಗುವವರ ಬಾಯಿಂದ ಮೊದಲು ಬಿದ್ದ ಮಾತೇ ಉತ್ತರ. ಹಾದುಹೋಗುವವರಿಗೆ ಸಂಗತಿ ಗೊತ್ತಿರಬಾರದು. ಕಾಗೆ, ನಾಯಿ, ಮೈಕು ಲೆಕ್ಕಕ್ಕಿಲ್ಲ.

"ಎರಡು ಟೀ" ಎಂದು ಕೇಳಿಸಿಕೊಂಡವಳು ಈಗ ಹೊಸೂರಿನಲ್ಲಿ ಗಂಡನ ಜೊತೆ ಸುಖವಾಗಿದ್ದಾಳೆ ಎನ್ನುತ್ತಾರೆ. "ಅರಿಯರ್", ಅಂದರೆ ಫೇಲಾಗಿ ಬಾಕಿ ಉಳಿದ ಪೇಪರು, ಎಂದು ಕೇಳಿಸಿಕೊಂಡವನು ಹುಡುಗಿಯ ಮುಂದೆಯೂ ಪಾಸಾಗಲಿಲ್ಲ, ಪರೀಕ್ಷೆಯಲ್ಲೂ ಪಾಸಾಗಲಿಲ್ಲ. ಹೋದ ವರ್ಷ ಪ್ರಿನ್ಸಿಪಾಲರು ಈ ಹುಚ್ಚಾಟ ನಿಲ್ಲಿಸಬೇಕೆಂದು ಯಾರಿಗೂ ಹೇಳದೆ ಕಂಬಕ್ಕೆ ಸುಣ್ಣ ಬಳಿಸಿದರು. ಆ ವಾರವೆಲ್ಲ ಕಾಲೇಜಿನಲ್ಲಿ ಕಂಡಲ್ಲೆಲ್ಲ ಬಿಳಿ ಕಿವಿ. ಯಾರ್‍ಯಾರಿಗೆ ಮನಸ್ಸಿನಲ್ಲಿ ಏನಿದೆ ಎಂಬುದು ಬೀದಿಗೆ ಬಿತ್ತು. ಕೆಮಿಸ್ಟ್ರಿ ಮೇಷ್ಟ್ರೊಬ್ಬರ ಕಿವಿಯೂ ಬೆಳ್ಳಗಿತ್ತು. ಅವರು ಗೋಡೆಗೆ ಒರಗಿದ್ದೆ ಎಂದರು, ಯಾರೂ ನಂಬಲಿಲ್ಲ.

ಈ ಕಂಬಕ್ಕೆ ಪೂಜಾರಿ ಅಂತ ಯಾರಾದರೂ ಇದ್ದರೆ ಅದು ಕಲೈವಾಣಿ. ಮೂರನೇ ವರ್ಷದ ಬಿ.ಎಸ್ಸಿ., ಗಣಿತ. ಲೆಕ್ಕದಲ್ಲಿ ಸುಮಾರು, ಕಿತಾಪತಿಯಲ್ಲಿ ರ್‍ಯಾಂಕು. ಯಾವ ಹುಡುಗನಿಗೆ ಯಾವ ಹುಡುಗಿಯಿಂದ ಒಳ್ಳೆಯ ಉತ್ತರ ಬೇಕೋ ಅವನು ಮೊದಲೇ ಬಂದು ಕಲೈವಾಣಿಯ ಕೈಕಾಲು ಹಿಡಿಯುತ್ತಿದ್ದ. ಹುಡುಗಿ ಕಂಬಕ್ಕೆ ಕಿವಿ ಕೊಟ್ಟು ನಿಂತ ಹೊತ್ತಿಗೆ ಸರಿಯಾಗಿ ಇವಳು ಬ್ಯಾಗು ನೇತುಹಾಕಿಕೊಂಡು, ಆಫಾಗಿದ್ದ ಫೋನನ್ನು ಕಿವಿಗಿಟ್ಟುಕೊಂಡು, "ಆಮಾ, ಕಂಡಿಪ್ಪಾ" ಎನ್ನುತ್ತ ಹಾದುಹೋಗುತ್ತಿದ್ದಳು. ಹೌದು, ಖಂಡಿತ ಅಂತ ಅರ್ಥ. ನಡಿಗೆಯಲ್ಲಿ ಒಂದಿಷ್ಟೂ ಅಳುಕಿಲ್ಲ, ತಿರುಗಿ ನೋಡುವುದಿಲ್ಲ. ಹೀಗೆ ಅವಳು ಕೂಡಿಸಿದ ಜೋಡಿಗಳ ಲೆಕ್ಕವನ್ನೇ ಅವಳ ಗೆಳತಿ ರಾಜಾತಿ ಬಿಟ್ಟುಬಿಟ್ಟಿದ್ದಳು. ಒಮ್ಮೆ ಮಾತ್ರ ಒಬ್ಬ ಜಂಭದ ಹುಡುಗನಿಗೆ ಪಾಠ ಕಲಿಸಲು, ಅವನ ಹುಡುಗಿ ನಿಂತಿದ್ದಾಗ, "ಅಯ್ಯೋ, ಅದಕ್ಕೆ ಬಾಲ ಬೇರೆ ಇದೆಯಾ" ಎಂದು ಫೋನಿನಲ್ಲಿ ಉದ್ಗರಿಸಿ ನಡೆದಿದ್ದಳು. ಆ ಜೋಡಿ ಮುರಿದುಬಿತ್ತು. ಕಲೈವಾಣಿಗೆ ಇವತ್ತಿಗೂ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

ಅವಳ ಮನೆ ಸೇಲಂನ ಗುಗೈಯಲ್ಲಿ. ಮಗ್ಗದ ಮನೆ. ಹೆಸರು ಕೇಳಿದರೆ ಅಚ್ಚ ತಮಿಳು, ಬೀದಿಯಲ್ಲಿ ಮಾತು ತಮಿಳು, ಹೊಸ್ತಿಲು ದಾಟಿ ಒಳಗೆ ಬಂದರೆ ಮಾತ್ರ ಕನ್ನಡ. ಆ ಕನ್ನಡಕ್ಕೆ ಅಕ್ಷರವಿಲ್ಲ, ಪುಸ್ತಕವಿಲ್ಲ. ಇರುವುದೆಲ್ಲ ಅಜ್ಜಿ ಮುತ್ಯಾಲಮ್ಮನ ನಾಲಗೆಯ ಮೇಲೆ. ಸ್ಕೂಲಿನಲ್ಲಿದ್ದಾಗ ಒಮ್ಮೆ ಬಾಯಿ ತಪ್ಪಿ ಟೀಚರಿಗೆ ಕನ್ನಡದಲ್ಲಿ ಉತ್ತರ ಹೇಳಿ ಇಡೀ ಕ್ಲಾಸು ನಕ್ಕಿದ್ದರಿಂದ, ಆಮೇಲೆ ಅವಳು ಆ ಭಾಷೆಯನ್ನು ಮನೆಯ ಚಪ್ಪಲಿಯ ಹಾಗೆ ಮನೆಯಲ್ಲೇ ಬಿಟ್ಟು ಬರುತ್ತಿದ್ದಳು. ಕಾಲೇಜಿನಲ್ಲಿ ರಾಜಾತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮುತ್ಯಾಲಮ್ಮನಿಗೆ ಮೊಮ್ಮಗಳ ಮದುವೆಯ ಬಗ್ಗೆ ಇದ್ದದ್ದು ಒಂದೇ ಶರತ್ತು. ಆಸ್ತಿ ಬೇಡ, ನೌಕರಿ ಬೇಡ, ಬಣ್ಣ ಬೇಡ. ಗಂಡಿಗೆ ಕನ್ನಡ ಗೊತ್ತಿರಬೇಕು. ಯಾಕೆಂದರೆ ಹಿರಿಯ ಮೊಮ್ಮಗಳು ತಮಿಳಿನ ಹುಡುಗ ಸೆಂದಿಲ್‌ಕುಮಾರ್‌ನನ್ನು ಕಟ್ಟಿಕೊಂಡಳು. ಅವನು ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆ ಕರೆದರೆ ಬರಲಿಲ್ಲವೆಂದು, ಬಂದ ದಿನ ಮುತ್ಯಾಲಮ್ಮ ಬಾಗಿಲಲ್ಲೇ ನಿಲ್ಲಿಸಿ ತನ್ನ ಜೀವಮಾನದ ವಿದ್ಯೆಯನ್ನೆಲ್ಲ ಬಸಿದು ಬೈದಳು. ಅಕ್ಕಪಕ್ಕದವರು ಮಗ್ಗ ನಿಲ್ಲಿಸಿ ಕೇಳಿದರು. ಅವನು ಎಲ್ಲವನ್ನೂ ನಗುನಗುತ್ತಾ ಕೇಳಿ, "ಸರಿ ಪಾಟಿ", ಅಂದರೆ ಸರಿ ಅಜ್ಜಿ, ಎಂದು ಕಾಲಿಗೆ ನಮಸ್ಕರಿಸಿ ಊಟಕ್ಕೆ ಕೂತ. ಆ ಅವಮಾನದಿಂದ ಮುದುಕಿ ಇನ್ನೂ ಚೇತರಿಸಿಕೊಂಡಿಲ್ಲ. "ನಾ ಬೈದ್ರೆ ಚುರ್ ಅನ್ಬೇಕು ಕಣೆ, ಅಂಥೋನ್ನ ತಾ" ಎಂದು ಕಲೈವಾಣಿಗೆ ಹೇಳಿಬಿಟ್ಟಿದ್ದಳು. ಅಂಥವನೊಬ್ಬ ಏರ್ಕಾಡಿನ ಕಾಫಿ ಎಸ್ಟೇಟಿನಲ್ಲಿ ಸಿಕ್ಕಿದ್ದ. ಶುಕ್ರವಾರ ಅವನ ಕಡೆಯವರು ಹೆಣ್ಣು ನೋಡಲು ಬರುವವರಿದ್ದರು.

ಈ ಕಡೆ ಧನಶೇಖರ್. ಫಿಸಿಕ್ಸ್, ಮೂರನೇ ವರ್ಷ. ಊರು ಯಾವುದೆಂದು ಕೇಳಿದರೆ ಧರ್ಮಪುರಿ ಪಕ್ಕ ಅನ್ನುತ್ತಿದ್ದ. ಅವನ ತಮಿಳೆಂದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಕಾಲೇಜಿನ ಪಟ್ಟಿಮನ್ರಂಗಳಲ್ಲಿ, ಅಂದರೆ ವಾದವಿವಾದದ ಸಭೆಗಳಲ್ಲಿ, ಅವನು ಎದ್ದು ನಿಂತರೆ ಹುಡುಗಿಯರು ಫೋನು ಕೆಳಗಿಡುತ್ತಿದ್ದರು. ಅಂಥವನು ಆ ಬುಧವಾರ ಬೆಳಗ್ಗೆ ಕಲೈವಾಣಿಯನ್ನು ಲೈಬ್ರರಿ ಮೆಟ್ಟಿಲ ಮೇಲೆ ನಿಲ್ಲಿಸಿ, ನಾನು ಮನೆಯಲ್ಲಿ ನಿನ್ನ ವಿಷಯ ಹೇಳಿಬಿಟ್ಟಿದ್ದೇನೆ, ಅಮ್ಮ ಕೆಂಡವಾಗಿದ್ದಾಳೆ, ನಿನಗೆ ನಾನು ಬೇಕೋ ಬೇಡವೋ ಸಂಜೆಯೊಳಗೆ ಹೇಳು, ಬೇಕೆಂದರೆ ಅಮ್ಮನ ಜೊತೆ ಜಗಳಕ್ಕೆ ನಿಲ್ಲುತ್ತೇನೆ, ಬೇಡವೆಂದರೆ ಸುಮ್ಮನೆ ಯಾಕೆ ಮನೆ ಹೊತ್ತಿಸಲಿ, ಅಂದ. ಅಂದು ತನ್ನ ಎಡಗಿವಿಯ ತುದಿ ಉಜ್ಜಿಕೊಂಡ. ಅವನು ಹೆದರಿದಾಗ ಹಾಗೆ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು.

ಬೇಕು ಎನ್ನಲು ಅವಳ ಬಾಯಿ ತೆರೆದದ್ದೇನೋ ನಿಜ. ಆದರೆ ಅಷ್ಟರಲ್ಲಿ ಬಾಗಿಲಲ್ಲಿ ನಿಂತ ಮುತ್ಯಾಲಮ್ಮ ಕಣ್ಣಿಗೆ ಬಂದಳು. ಎಂಬತ್ತು ದಾಟಿದ ಜೀವ. ತಾಯಿ ಮಗ್ಗದಲ್ಲಿದ್ದಾಗ ಕಲೈವಾಣಿಯನ್ನು ಎತ್ತಿ ಆಡಿಸಿದ್ದು ಅವಳು. ಇನ್ನೊಬ್ಬ ಮಾತು ಬಾರದ ಅಳಿಯನನ್ನು ತಂದು ನಿಲ್ಲಿಸಿದರೆ ಮುದುಕಿ ಯಾರ ಜೊತೆ ಮಾತಾಡುತ್ತಾಳೆ? ಆದರೆ ಇವನನ್ನು ಬಿಡುವುದೆಂದರೆ ಅದೂ ಆಗದ ಮಾತು. ಅತ್ತ ದರಿ, ಇತ್ತ ಪುಲಿ. ಸಂಜೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡಳು.

ಮಧ್ಯಾಹ್ನದವರೆಗೆ ಒದ್ದಾಡಿದಳು. ಕೊನೆಗೆ, ನಗಬೇಡಿ, ವಾಕ್ಕು ಕಂಬದ ಹತ್ತಿರ ಹೋಗಿ ನಿಂತಳು. ಊರಿಗೆಲ್ಲ ಸುಳ್ಳು ವಾಕ್ಕು ಮಾರಿದವಳು. ಆ ಕಂಬದೊಳಗೆ ಕಲ್ಲು ಬಿಟ್ಟು ಬೇರೇನೂ ಇಲ್ಲವೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಆ ಕಾಲೇಜಿನಲ್ಲಿ ಇರಲಿಲ್ಲ. ರಾಜಾತಿ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀನು ಅತ್ತ ಹೋಗೇ, ಯಾರನ್ನೂ ಕಳಿಸಬೇಡ, ಏನೂ ಮಾಡಬೇಡ ಎಂದು ಅವಳನ್ನು ಕ್ಯಾಂಟೀನಿಗೆ ಅಟ್ಟಿ, ಕಲೈವಾಣಿ ಕಣ್ಣು ಮುಚ್ಚಿ ಬಲಗಿವಿಯನ್ನು ಬಿಸಿಯಾದ ಕಲ್ಲಿಗೆ ಆನಿಸಿದಳು. ಧನಶೇಖರನೇ ನನ್ನವನಾ, ಎಂದು ಮನಸ್ಸಿನಲ್ಲೇ ಕೇಳಿದಳು.

ಊಟದ ಹೊತ್ತು ಮುಗಿದು ಎಲ್ಲರೂ ಕ್ಲಾಸಿಗೆ ಹೋಗಿದ್ದರು. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಚಪ್ಪಲಿಯ ಸದ್ದು, ಸೀರೆಯ ಸದ್ದು, ಫೋನು ಬಡಿದುಕೊಂಡ ಸದ್ದು. ಒಂದು ಹೆಂಗಸಿನ ದನಿ ಸ್ಪಷ್ಟವಾಗಿ ಒಂದೇ ಒಂದು ಮಾತು ಹೇಳಿತು.

"ಇಲ್ಲೇ."

ಅಷ್ಟೇ. ಫೋನು ಕಟ್ಟಾಯಿತು, ಚಪ್ಪಲಿ ಮುಂದೆ ನಡೆಯಿತು.

ಕಲೈವಾಣಿ ಕಣ್ಣು ತೆರೆದಳು. ತಮಿಳಿನಲ್ಲಿ ಇಲ್ಲೇ ಎಂದರೆ ಇಲ್ಲ, ಅಲ್ಲ, ಆಸೆ ಬಿಡು ಅಂತ. ಮುಗಿಯಿತಲ್ಲ ಎಂದು ಕಣ್ಣು ತುಂಬಿಕೊಂಡು ನಾಲ್ಕು ಹೆಜ್ಜೆ ನಡೆದವಳು ಗಕ್ಕನೆ ನಿಂತಳು. ಕನ್ನಡದಲ್ಲಾದರೆ? ಕನ್ನಡದಲ್ಲಿ ಇಲ್ಲೇ ಎಂದರೆ ಇಲ್ಲೇ. ಇಗೋ, ನಿನ್ನ ಪಕ್ಕದಲ್ಲೇ, ಇನ್ನೆಲ್ಲಿ ಹುಡುಕುತ್ತೀಯ ಹುಚ್ಚಿ ಅಂತ. ಒಂದೇ ಮಾತು. ಒಂದು ಭಾಷೆಯಲ್ಲಿ ತಾಳಿ ಕಟ್ಟುತ್ತದೆ, ಇನ್ನೊಂದರಲ್ಲಿ ತಾಳಿ ಹರಿಯುತ್ತದೆ. ಹಾಳು ಕಂಬ ಅಡ್ಡಗೋಡೆಯ ಮೇಲೆ ದೀಪವಿಟ್ಟು ಸುಮ್ಮನೆ ನಿಂತಿತ್ತು.

ಇದನ್ನು ಬಿಡಿಸಬಲ್ಲವರು ಆ ಮಾತನ್ನು ಆಡಿದವರೊಬ್ಬರೇ. ಕಲೈವಾಣಿ ಓಡಿದಳು. ಗೇಟಿನ ಹೊರಗೆ, ಹಸಿರು ಸೀರೆ ಉಟ್ಟು, ಬಟ್ಟೆಯ ಬ್ಯಾಗು ಹಿಡಿದ ದಪ್ಪನೆಯ ಹೆಂಗಸೊಬ್ಬಳು ಧರ್ಮಪುರಿ ಬಸ್ಸು ಹತ್ತುತ್ತಿದ್ದಳು. ಇವಳ ಮನೆ ಇರುವುದು ಅದರ ಎದುರು ದಿಕ್ಕಿಗೆ. ಯೋಚಿಸಲು ಪುರುಸೊತ್ತೆಲ್ಲಿ? ಬಸ್ಸು ಹೊರಡುವಾಗ ಬಾಗಿಲ ಕಂಬಿ ಹಿಡಿದು ನೇತಾಡಿ ಹತ್ತಿದಳು. ಕಂಡಕ್ಟರು ಎಲ್ಲಿಗಮ್ಮಾ ಎಂದಾಗ, ಅವರು ಎಲ್ಲಿಗೋ ಅಲ್ಲಿಗೆ ಎಂದು ಹಸಿರು ಸೀರೆಯನ್ನು ತೋರಿಸಿದಳು. ಅದಿಯಮಾನ್‌ಕೋಟೆಗೆ ಟಿಕೆಟ್ ಹರಿದುಕೊಟ್ಟ.

ಅವಳ ಪಕ್ಕದಲ್ಲೇ ಸೀಟು ಸಿಕ್ಕಿತು. ಈಗ ಇವಳ ಕೆಲಸ ಸುಲಭವೆಂದುಕೊಂಡಳು. ಆ ಹೆಂಗಸು ಯಾವ ಭಾಷೆಯವಳೆಂದು ಗೊತ್ತಾದರೆ ಸಾಕು. ಕೇಳಿದರೆ ತಪ್ಪಾದೀತು, ಹಾಗಾಗಿ ಕಿವಿ ಅಗಲಿಸಿ ಕೂತಳು. ಹೆಂಗಸು ಕಂಡಕ್ಟರನಿಗೆ ತಮಿಳಿನಲ್ಲಿ ಚಿಲ್ಲರೆ ಕೇಳಿದಳು. ಅದು ಸಾಕ್ಷಿಯಲ್ಲ, ಕಂಡಕ್ಟರನಿಗೆ ಎಲ್ಲರೂ ತಮಿಳಿನಲ್ಲೇ ಕೇಳುತ್ತಾರೆ. ತೀವಟ್ಟಿಪಟ್ಟಿ ಹತ್ತಿರ ಬಸ್ಸು ಗುಂಡಿಗೆ ಇಳಿದು ಅವಳ ತಲೆ ಕಿಟಕಿಯ ಸರಳಿಗೆ ಬಡಿಯಿತು. ನೋವಿನಲ್ಲಿ ಬರುವ ಮಾತು ನಿಜವಾದ ಮಾತು ಎಂದು ಕಲೈವಾಣಿ ಆಸೆಯಿಂದ ಬಾಗಿದಳು. "ಅಮ್ಮಾ" ಎಂದಳು ಆಕೆ. ಅಮ್ಮಾ ಎರಡಕ್ಕೂ ಒಂದೇ. ಮುಂದಿನ ಸೀಟಿನ ಕೂಸೊಂದು ಅವಳ ಕಡೆ ಕೈಚಾಚಿದಾಗ ಅವಳು ಕೈನೀಡಿ ಕರೆದಳು. ಬಾ ಬಾ ಅಂದಳೋ, ವಾ ವಾ ಅಂದಳೋ, ತೊಪ್ಪೂರು ಘಾಟಿನ ಏರಿನಲ್ಲಿ ಇಂಜಿನ್ನು ಅರಚಿಕೊಳ್ಳುತ್ತಿದ್ದುದರಿಂದ ಕೇಳಿಸಲಿಲ್ಲ. ಆಕಳಿಸಿ ಮುರುಗಾ ಎಂದಳು. ಮುರುಗನಿಗೆ ಎಲ್ಲ ಭಾಷೆಯೂ ಬರುತ್ತದೆ.

ಘಾಟು ಇಳಿದ ಮೇಲೆ ಕಲೈವಾಣಿಗೆ ತಡೆಯಲಾಗಲಿಲ್ಲ. ತಮಿಳಿನಲ್ಲೇ, ಅಮ್ಮಾ ತಪ್ಪು ತಿಳಿಯಬೇಡಿ, ಕಾಲೇಜಿನಲ್ಲಿ ಕಂಬದ ಹತ್ತಿರ ಫೋನಿನಲ್ಲಿ ನೀವು ಇಲ್ಲೇ ಅಂದಿರಲ್ಲ, ಅದು ತಮಿಳಿನ ಇಲ್ಲೇಯೋ ಕನ್ನಡದ ಇಲ್ಲೇಯೋ, ಎಂದು ಕೇಳಿಯೇಬಿಟ್ಟಳು. ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಬಿಸಿಲಿಗೆ ಏನಾದರೂ ಆಗಿದೆಯೇನೋ ಎಂದುಕೊಂಡಿರಬೇಕು. ಆಮೇಲೆ ಕೇಳಿದಳು.

"ನಿಂಗೆ ಕನ್ನಡ ಬತ್ತದಾ?"

ಕಲೈವಾಣಿಗೆ ಹೋದ ಜೀವ ಬಂದಂತಾಯಿತು. ಮನೆಯ ಹೊರಗೆ, ಬಸ್ಸಿನಲ್ಲಿ, ಗುರುತಿಲ್ಲದವರ ಬಾಯಲ್ಲಿ ಅಜ್ಜಿಯ ಭಾಷೆ ಕೇಳಿ ಅವಳ ಒಳಗಿದ್ದದ್ದೆಲ್ಲ ಕಟ್ಟೆಯೊಡೆದು ಬಂತು. ಕಂಬದ ಶಾಸ್ತ್ರ, ತಾನು ಮಾಡಿದ ಕಿತಾಪತಿ, ಏರ್ಕಾಡಿನ ಗಂಡು, ಅಜ್ಜಿಯ ಶರತ್ತು, ಸಂಜೆಯ ಗಡುವು, ಒಂದನ್ನೂ ಬಿಡದೆ ಹೇಳಿದಳು. ಹೆಂಗಸು ಕೆನ್ನೆಗೆ ಕೈಯಿಟ್ಟು ಕೇಳಿದಳು. ಮುತ್ಯಾಲಮ್ಮ ಬೈದ ಕತೆಗೆ ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ನಕ್ಕಳು. ಪಾಪ, ಮುದುಕಿ ಸಂಕಟ ನಂಗೆ ಅರ್ಥ ಆಯ್ತದೆ ಎಂದಳು. ಮತ್ತೆ ಆ ಹುಡುಗ ಹೇಗೆ ಎಂದು ಕೇಳಿದಳು.

ಮತ್ತೆಂದೂ ಕಾಣಸಿಗದವರ ಹತ್ತಿರ ಮುಚ್ಚುಮರೆ ಯಾಕೆ ಎಂದು ಕಲೈವಾಣಿ ಬಿಚ್ಚಿಕೊಂಡಳು. ತಮಿಳಿನ ಹುಡುಗ, ಕನ್ನಡದ ಒಂದು ಅಕ್ಷರ ಬರುವುದಿಲ್ಲ. ಮಾತಿನಲ್ಲಿ ರಾಜ, ಕೆಲಸದಲ್ಲಿ ಸೋಮಾರಿ. ತಾನು ತಿಂದ ತಟ್ಟೆ ತೊಳೆಯುವುದು ಗೊತ್ತಿಲ್ಲ, ಅವರಮ್ಮ ತಲೆಯ ಮೇಲೆ ಕೂರಿಸಿಕೊಂಡು ಕೆಡಿಸಿದ್ದಾಳೆ. ಆಕೆ ದಿನಾ ಬೆಳಗ್ಗೆ ಎದ್ದು ಪುಳಿಸಾದ, ಅಂದರೆ ಹುಣಸೆಹುಳಿ ಅನ್ನ, ಕಟ್ಟಿಕೊಟ್ಟರೆ ಇವನು ಅದನ್ನು ಮುಟ್ಟದೆ ಕ್ಯಾಂಟೀನಿನಲ್ಲಿ ಪರೋಟ ತಿನ್ನುತ್ತಾನೆ.

ಹೆಂಗಸಿನ ನಗು ಅಲ್ಲಿಗೆ ನಿಂತಿತು. ಆ ಸಾದ ಏನಾಗ್ತದೆ ಮತ್ತೆ, ನಾಯಿಗೆ ಹಾಕ್ತಾನಾ ಎಂದು ಬಹಳ ಮೆಲ್ಲಗೆ ಕೇಳಿದಳು.

"ನಾಯಿಗಾ? ನಾ ಬಿಡ್ತೀನಾ? ನಾನೇ ತಿಂತೀನಿ. ನಮ್ಮಮ್ಮ ಮಗ್ಗ ಬಿಟ್ಟು ಏಳಾಕಾಗಾಕಿಲ್ಲ, ನಂಗೆ ದಿನಾ ಮೊಸರನ್ನ. ಆ ಪುಳಿಸಾದದಿಂದಾನೇ ಅವ್ನು ಪರಿಚಯ ಆಗಿದ್ದು. ಅವ್ನು ಸಿಗ್ದಿದ್ರೂ ಓಗ್ಲಿ, ಆ ಅಮ್ಮನ ಕೈ ಊಟ ತಪ್ಪೋಯ್ತದಲ್ಲಾ ಅಂತ ನಂಗೆ ಇನ್ನೊಂದು ಸಂಕಟ."

ಹೆಂಗಸು ಕಿಟಕಿಯ ಕಡೆ ತಿರುಗಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಕಲೈವಾಣಿ ಬಿಡಬೇಕಲ್ಲ, ಆ ಇಲ್ಲೇ ಯಾವ ಭಾಷೆಯದೆಂದು ಹೇಳಲೇ ಇಲ್ಲವಲ್ಲ ಎಂದು ನೆನಪಿಸಿದಳು.

"ಕನ್ನಡವೇ ಕಣವ್ವಾ," ಎಂದಳು ಹೆಂಗಸು. "ಆದ್ರೆ ಸುಳ್ಳು."

ಕಲೈವಾಣಿಗೆ ಅರ್ಥವಾಗಲಿಲ್ಲ. ಹೆಂಗಸು ಬಿಡಿಸಿ ಹೇಳಿದಳು. ಫೋನಿನಲ್ಲಿದ್ದವನು ಅವಳ ಗಂಡ ಎಲ್ಲಪ್ಪ. ಎಲ್ಲಿದ್ದೀಯಾ ಎಂದು ಕೇಳಿದ. ಪಕ್ಕದ ಮನೆಗೆ ಹೋಗುತ್ತೇನೆಂದು ಹೇಳಿ ಊರು ಬಿಟ್ಟು ಬಂದವಳು ಇನ್ನೇನು ಹೇಳುತ್ತಾಳೆ? ಇಲ್ಲೇ ಅಂದಳು. ಗಂಡಂದಿರಿಗೆ ಹೆಂಡತಿಯರು, ಹೆಂಡತಿಯರಿಗೆ ಗಂಡಂದಿರು ದಿನ ಬೆಳಗಾದರೆ ಹೇಳುವ ಇಲ್ಲೇ ಅದು. ಅದರಲ್ಲಿ ದೇವರೂ ಇಲ್ಲ, ವಾಕ್ಕೂ ಇಲ್ಲ.

ಕಲೈವಾಣಿ ತಲೆಯ ಮೇಲೆ ಕೈಹೊತ್ತಳು. ಊರಿಗೆಲ್ಲ ಸುಳ್ಳು ಉತ್ತರ ಕೊಟ್ಟವಳಿಗೆ ಕಂಬವೂ ಸುಳ್ಳು ಉತ್ತರವನ್ನೇ ಕೊಟ್ಟಿತ್ತು. ಭಾಷೆ ಬೇಕಾದದ್ದೇ, ಮಾತು ಬೇಕಾದದ್ದೇ, ಆದರೆ ಬುಡದಲ್ಲೇ ಹುಳುಕು. ನಗಬೇಕೋ ಅಳಬೇಕೋ ತಿಳಿಯದೆ, ಅಷ್ಟಕ್ಕೂ ಗಂಡನಿಗೆ ಸುಳ್ಳು ಹೇಳಿ ನೀವು ನಮ್ಮ ಕಾಲೇಜಿಗೆ ಯಾಕೆ ಬಂದಿರಿ ಎಂದು ಕೇಳಿದಳು.

ಹೆಂಗಸು ಒಂದು ನಿಟ್ಟುಸಿರು ಬಿಟ್ಟಳು. ಅವಳ ಮಗ ಸೇಲಂನ ತಮಿಳು ಹುಡುಗಿಯೊಬ್ಬಳನ್ನು ಕಟ್ಟಿಕೊಳ್ಳುತ್ತೇನೆಂದು ಎರಡು ದಿನದಿಂದ ಹಟ ಹಿಡಿದು ಕೂತಿದ್ದಾನೆ. ಆ ಹುಡುಗಿಯನ್ನು ಕಂಡು, ಚೆನ್ನಾಗಿ ಬೈದು, ನನ್ನ ಮಗನ ಸಹವಾಸ ಬಿಡು ಎಂದು ಹೇಳಿ ಬರೋಣವೆಂದು ಹೋಗಿದ್ದಳು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಅಷ್ಟು ದೊಡ್ಡ ಕಾಲೇಜಿನಲ್ಲಿ ಯಾರನ್ನು ಕೇಳುವುದು? ಅಲೆ ಅಲೆದು ಸೋತು ವಾಪಸು ಹೊರಟಳು.

"ದಾರಿ ಉದ್ದಕ್ಕೂ ತಮಿಳಲ್ಲಿ ಬೈಗುಳ ಜೋಡಿಸ್ಕೊಂಡು ಬಂದಿದ್ದೆ ಕಣವ್ವಾ. ನಂಗೆ ತಮಿಳಲ್ಲಿ ಬೈಯಾಕೆ ಬರಾಕಿಲ್ಲ, ಎಷ್ಟು ಕಷ್ಟ ಪಟ್ಟಿವ್ನಿ ಗೊತ್ತಾ. ಎಲ್ಲಾ ದಂಡ ಆಗೋಯ್ತು."

ಕಲೈವಾಣಿ ಮನಸ್ಸಿನಲ್ಲೇ ಕೂಡಿಸಿ ನೋಡಿದಳು. ಸೇಲಂನ ಹುಡುಗಿ. ಎರಡು ದಿನದ ಹಟ. ಧರ್ಮಪುರಿ ಪಕ್ಕ. ಅವಳು ಮೆಲ್ಲನೆ ತಲೆ ಎತ್ತಿ ಆ ಹೆಂಗಸಿನ ಮುಖವನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಅದೇ ಹಣೆ, ಅದೇ ಮೂಗು. ಆಕೆಯ ಎಡಗೈ ಎಡಗಿವಿಯ ಓಲೆಯನ್ನು ಉಜ್ಜುತ್ತಿತ್ತು. ಬಸ್ಸು ನಿಲ್ಲಿಸಿ ಎಂದು ಕಿರುಚಿ ಇಳಿದು ಓಡಿಬಿಡಬೇಕೆನ್ನಿಸಿತು. ಸೋಮಾರಿ ಅಂದಿದ್ದಳು. ತಟ್ಟೆ ತೊಳೆಯುವುದಿಲ್ಲ ಅಂದಿದ್ದಳು. ಅವರಮ್ಮ ಕೆಡಿಸಿದ್ದಾಳೆ ಎಂದು ಆ ಅಮ್ಮನ ಮುಖಕ್ಕೇ ಹೇಳಿದ್ದಳು. ಬಾಯಿ ಮುಚ್ಚಿಕೊಂಡಿರಲು ಬಾರದ ತನ್ನ ಜನ್ಮಕ್ಕಿಷ್ಟು ಎಂದು ಮನಸ್ಸಿನಲ್ಲೇ ಶಪಿಸಿಕೊಂಡಳು.

"ಧನ... ಧನಶೇಖರ್ ಅಮ್ಮನಾ ನೀವು?"

"ಊಂ. ರಮಾಮಣಿ ಅಂತ ನನ್ನೆಸ್ರು." ಆಕೆಗೆ ಪುಳಿಸಾದದ ಮಾತು ಬಂದಾಗಲೇ ಎಲ್ಲ ತಿಳಿದುಹೋಗಿತ್ತು. "ಕನ್ನಡದ ಒಂದಕ್ಷರ ಬರಾಕಿಲ್ಲ ಅಂದ್ಯಲ್ಲ ನನ್ ಮಗನ್ಗೆ. ಉಟ್ಟಿದಾಗಿಂದ ಅವ್ನು ಆಡಾದೇ ಅದು. ಒರಗೆ ಆಡಾಕೆ ನಾಚ್ಕೆ ಕಳ್ಳನ್ಗೆ. ನಿಂಗೂ ನಾಚ್ಕೆ, ಅವ್ನಿಗೂ ನಾಚ್ಕೆ. ಮೂರೊರ್ಸ ಇಬ್ರೂ ಸೇರ್ಕೊಂಡು ಯಾರ ಭಾಷೇಲಿ ಒದ್ದಾಡಿದ್ರೋ, ನಾ ಕಾಣೆ."

ಮೂರು ವರ್ಷ. ಲೈಬ್ರರಿ ಮೆಟ್ಟಿಲ ಮೇಲೆ, ಕ್ಯಾಂಟೀನಿನಲ್ಲಿ, ಬಸ್‌ಸ್ಟಾಪಿನಲ್ಲಿ, ಎಷ್ಟು ಮಾತಾಡಿದ್ದರು. ಅವನು ಒಂದು ಸಲ ಎಡವಿ ಬಿದ್ದು ಅಯ್ಯೋ ಎಂದಿದ್ದರೂ ಗೊತ್ತಾಗುತ್ತಿರಲಿಲ್ಲ, ಅದೂ ಎರಡಕ್ಕೂ ಒಂದೇ. ಕಲೈವಾಣಿಗೆ ಒಮ್ಮೆಲೇ ಎಷ್ಟು ಹಗುರವಾಯಿತೆಂದರೆ ಅಳು ಬಂತು. ಅಜ್ಜಿಗೆ ಬೈಯಲು ಒಬ್ಬ ಸಿಕ್ಕಿದ. ಆದರೆ ಈ ತಾಯಿಗೆ ಸೊಸೆ ಬೇಕಾಗಿದ್ದಾಳೋ ಇಲ್ಲವೋ ಇನ್ನೂ ತಿಳಿದಿರಲಿಲ್ಲ. ಸೀಟಿನಲ್ಲೇ ಬಗ್ಗಿ ಆಕೆಯ ಕಾಲು ಮುಟ್ಟಿದಳು, ಬಾಯಿಗೆ ಬಂದದ್ದು ಹೇಳಿಬಿಟ್ಟೆ ಮನ್ನಿಸಿ ಎಂದಳು.

ರಮಾಮಣಿ ಬೇಗ ಬಿಟ್ಟುಕೊಡುವ ಹೆಂಗಸಲ್ಲ. ನೀವು ಮಗ್ಗದವರು, ನಾವು ಹೊಲದವರು, ನಮ್ಮ ಯಜಮಾನರು ಇದಕ್ಕೆ ಕುಣಿದಾಡುತ್ತಾರೆ ಎಂದು ಮುಖ ಗಂಟು ಹಾಕಿದಳು. ಆಮೇಲೆ ತಾನೇ, ಕುಣೀಲಿ ಬಿಡು, ಅವರಿಗೂ ವಯಸ್ಸಾಯಿತು, ಎಷ್ಟು ಹೊತ್ತು ಕುಣಿದಾರು, ಎಂದಳು. ಅಷ್ಟರಲ್ಲಿ ಅವಳ ಬ್ಯಾಗಿನೊಳಗೆ ಫೋನು ಬಡಿದುಕೊಂಡಿತು. ತೆಗೆದು ನೋಡಿದಳು. ಪರದೆಯ ಮೇಲೆ ಧನಶೇಖರನ ಮುಖ. ಎತ್ತಲಿಲ್ಲ. ಕಲೈವಾಣಿಯ ಕೈಗೆ ಕೊಟ್ಟಳು.

"ಕಂಬಾನೂ ಬೇಡ, ನಾನೂ ಬೇಡ. ಅವ್ನು ಕೇಳಿರಾದು ನಿನ್ನ. ನೀನೇ ಯೋಳು."

ಬೇರೆಯವರ ಪ್ರೀತಿಗೆಲ್ಲ ಫೋನು ಕಿವಿಗಿಟ್ಟುಕೊಂಡು ನಿರ್ಭಯವಾಗಿ ಹೌದು ಖಂಡಿತ ಎಂದು ನಡೆದುಹೋಗುತ್ತಿದ್ದವಳು ಈಗ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಫೋನನ್ನು ಕಿವಿಗಿಟ್ಟಳು. ಹಲೋ ಎನ್ನುವ ಮೊದಲೇ ಆ ಕಡೆಯಿಂದ ದನಿ ಬಂತು.

"ಅಮ್ಮೋ, ಬೆಳಿಗ್ಗೆ ಕೇಳ್ದೆನಮ್ಮಾ. ಆ ಉಡುಗಿ ಏನೂ ಯೋಳ್ದೆ ಎಲ್ಗೋ ಓಗ್ಬಿಟ್ಲು. ಕಾಲೇಜೆಲ್ಲಾ ಉಡುಕ್ದೆ, ಎಲ್ಲೂ ಇಲ್ಲ. ನಾನು ಅವ್ಳಿಗೆ ಬೇಡೇನೋ ಕಣಮ್ಮಾ. ನಂಗೆ ಒಂಥರಾ ಆಗ್ತೈತೆ."

ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ಗಿಟ್ಟಿಸುತ್ತಿದ್ದ ಆ ಧನಶೇಖರ್ ಇದರಲ್ಲಿ ಎಲ್ಲೂ ಇರಲಿಲ್ಲ. ಹಕಾರ ಬಾಯಿಗೆ ಬಾರದ, ಮೂಗೊರೆಸಿಕೊಳ್ಳುವ, ಅಮ್ಮನ ಹತ್ತಿರ ಗೋಳಾಡುವ ಒಬ್ಬ ಹಳ್ಳಿಯ ಹುಡುಗನಿದ್ದ. ಕಲೈವಾಣಿ ಅವನನ್ನು ಮೊದಲ ಸಲ ಕೇಳುತ್ತಿದ್ದಳು, ಆದರೂ ಅವನ ಒಂದೊಂದು ಮಾತೂ ಅವಳಿಗೆ ತೊಟ್ಟಿಲಿನಿಂದ ಗೊತ್ತಿತ್ತು. ತಮಿಳಿನಲ್ಲಿ ಅವನು ಚೆನ್ನಾಗಿ ಮಾತಾಡುತ್ತಾನೆಂದು ಅವನನ್ನು ಇಷ್ಟಪಟ್ಟಿದ್ದಳು. ಈ ತೊದಲನ್ನು ಕೇಳಿ ಮಾತ್ರ, ಇವನನ್ನು ಬಿಟ್ಟು ತಾನು ಇರಲಾರೆ ಎಂದು ಅವಳಿಗೆ ಖಚಿತವಾಯಿತು. ಕಣ್ಣೀರು ಒರೆಸಿಕೊಂಡಳು. ಗಂಟಲು ಸರಿಮಾಡಿಕೊಂಡಳು.

"ಲೇ ಧನಾ," ಎಂದಳು. "ಉಡುಗಿ ಒಪ್ಪವ್ಳೆ ಕಣ್ಲಾ."

ಧನಶೇಖರ್ ಅತ್ಯಂತ ಮರ್ಯಾದೆಯ ತಮಿಳಿನಲ್ಲಿ, ತಾವು ಯಾರು ಮಾತಾಡುತ್ತಿರುವುದು ಎಂದು ಕೇಳಿದ. ರಮಾಮಣಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕುಲುಕುಲು ನಗುತ್ತಿದ್ದಳು. ಅದಿಯಮಾನ್‌ಕೋಟೆ ಬಂತೆಂದು ಕಂಡಕ್ಟರು ಕೂಗಿದ. ರಮಾಮಣಿ ಫೋನನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡು ಕಲೈವಾಣಿಯ ಮಣಿಕಟ್ಟನ್ನು ಹಿಡಿದು ಬಸ್ಸಿನಿಂದ ಇಳಿಸಿದಳು. ಹೈವೇ ದಾಟಿ ಆಚೆ ದಡ ಸೇರುವವರೆಗೂ ಆ ಕೈ ಬಿಡಲಿಲ್ಲ.